ಈರುಳ್ಳಿ ಬೇರಿನ ಸ್ಲೈಡಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜಿನ ಹಿಂಬದಿಯ ಮೆಟ್ಟಿಲು ಹತ್ತಿ ಬಂದವರು ಪ್ರಯೋಗಾಲಯದ ಬೀಗ ತೆಗೆದು, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ದೀಪ ಹಾಕುವ ಮೊದಲೇ ಕಿಟಕಿಯ ಕಡೆ ನಡೆಯುತ್ತಾರೆ. ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಗಾಜಿನ ಲೋಟಗಳು. ಒಂದೊಂದು ಲೋಟದ ಬಾಯಿಗೂ ಒಂದೊಂದು ಈರುಳ್ಳಿ. ಬುಡ ಮಾತ್ರ ನೀರಿಗೆ ತಾಗುವಂತೆ ಕಡ್ಡಿ ಚುಚ್ಚಿಸಿಕೊಂಡು ಕೂತಿವೆ. ಬುಡದಿಂದ ಬಿಳಿ ಬೇರುಗಳು ಮುದುಕನ ಗಡ್ಡದ ಹಾಗೆ ಇಳಿಬಿದ್ದಿವೆ.

ಅವರು ಒಂದು ಈರುಳ್ಳಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಬೇರಿನ ತುದಿಗಳನ್ನು ಬ್ಲೇಡಿನಿಂದ ಕತ್ತರಿಸುತ್ತಾರೆ. ಅಕ್ಕಿಕಾಳಿಗಿಂತ ಚಿಕ್ಕ ತುಂಡುಗಳು. ಕತ್ತರಿಸಿದ್ದನ್ನು ಆ ಕ್ಷಣವೇ ಪುಟ್ಟ ಸೀಸೆಯೊಳಗಿನ ದ್ರಾವಣಕ್ಕೆ ಹಾಕುತ್ತಾರೆ. ಮುಚ್ಚಳ ತೆಗೆದರೆ ಹುಳಿವಾಸನೆ ಮೂಗಿಗೆ ಹೊಡೆಯುತ್ತದೆ.

"ಇಷ್ಟು ಹೊತ್ತಿಗೇ ಕತ್ತರಿಸ್ಬೇಕು. ಬೆಳಗಿನ ಜಾವ ಜೀವಕೋಶ ಒಂದು ಎರಡಾಗಿ ಒಡೆಯೋದು ಜಾಸ್ತಿ. ಬಿಸಿಲೇರಿದ ಮೇಲೆ ಬಂದು ಕತ್ತರಿಸಿದ್ರೆ ಕೆಲಸ ಮುಗಿಸಿ ಕೂತಿರ್ತಾವೆ, ಮಕ್ಕಳಿಗೆ ನೋಡೋಕೆ ಏನೂ ಸಿಗಲ್ಲ. ಈ ನೀರಿಗೆ ಬಿದ್ರೆ ಯಾರು ಎಲ್ಲಿದ್ರೋ ಅಲ್ಲೇ ನಿಂತುಬಿಡ್ತಾರೆ," ಎನ್ನುತ್ತಾರೆ. ಜೀವಕೋಶಗಳನ್ನು ಅವರು ಒಮ್ಮೆ 'ಅವು' ಎನ್ನುತ್ತಾರೆ, ಇನ್ನೊಮ್ಮೆ 'ಅವರು' ಎನ್ನುತ್ತಾರೆ. ಕೇಳಿದರೆ ನಗುತ್ತಾರೆ.

ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿದೆ, ಕರೆಯುವವರಿಲ್ಲ. ಮೊದಲ ವರ್ಷದ ಮಕ್ಕಳಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರಿಗೂ ಅವರು ಸ್ಲೈಡಕ್ಕ. ಜೀವಶಾಸ್ತ್ರ ಪ್ರಯೋಗಾಲಯದ ಸಹಾಯಕಿ. ಪಾಠ ಮಾಡುವುದು ಮೇಷ್ಟ್ರುಗಳ ಕೆಲಸ, ಕಲಿಯುವುದು ಮಕ್ಕಳ ಕೆಲಸ. ನಡುವೆ ಆ ಬೇರು, ಆ ಹೂಮೊಗ್ಗು, ಆ ಬಣ್ಣ, ಆ ಗಾಜು ಎಲ್ಲವೂ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಬಂದು ಕೂರಬೇಕಲ್ಲ, ಅದು ಇವರ ಕೆಲಸ. ಬಲಗೈ ಹೆಬ್ಬೆರಳು ಸದಾ ಕೆಂಪು. ಬೇರಿನ ತುದಿಗೆ ಕೆಂಪು ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ಹಗುರಾಗಿ ಬಿಸಿ ತೋರಿಸಿ, ತೆಳು ಗಾಜಿನ ಚೂರು ಮುಚ್ಚಿ, ಹೀರುಕಾಗದ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಮೆಲ್ಲಗೆ ಒತ್ತಿದರೆ ಕೋಶಗಳು ಒಂದರ ಮೇಲೊಂದು ಗುಡ್ಡೆ ಬೀಳುತ್ತವೆ. ಜೋರಾಗಿ ಒತ್ತಿದರೆ ಗಾಜು ಚೂರಾಗುತ್ತದೆ. "ಮಲಗಿರೋ ಮಗುವಿನ ಕೈಯಿಂದ ಗಿಲಕಿ ಬಿಡಿಸ್ಕೊಳ್ಳೋ ಹಾಗೆ ಒತ್ತಬೇಕು," ಎಂದು ಅವರು ಹೇಳಿಕೊಟ್ಟರೆ ಹುಡುಗರು ಪಿಳಿಪಿಳಿ ನೋಡುತ್ತಾರೆ. ಆ ಹುಡುಗರು ಯಾವ ಮಗುವಿನ ಕೈಯಿಂದ ಯಾವ ಗಿಲಕಿ ಬಿಡಿಸಿದ್ದಾರೆ, ಪಾಪ.

ಈ ಕಾಲೇಜಿಗೆ ಅವರು ಬಂದದ್ದು ಕಸ ಗುಡಿಸಲು. ಮದುವೆಯಾಗಿ ಹೊಸತು, ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು, ಒಬ್ಬರ ದುಡಿಮೆ ಸಾಲುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಆಗ ಒಬ್ಬ ಹಿರಿಯ ಸಹಾಯಕರಿದ್ದರು, ಎಲ್ಲರೂ ತಾತ ಎನ್ನುತ್ತಿದ್ದರು. ತಾತನಿಗೆ ಕೈ ನಡುಗತೊಡಗಿದ ವರ್ಷ, ಗುಡಿಸಲು ಬಂದ ಸೊಸೆಯಂಥ ಹುಡುಗಿಯನ್ನು ಕರೆದು, "ಬಾಮ್ಮಾ ಇಲ್ಲಿ, ನನ್ನ ಬದಲು ನೀನೊತ್ತು," ಎಂದರು. ಅಂದು ಒತ್ತಿದ್ದು ಇಂದಿಗೂ ಬಿಟ್ಟಿಲ್ಲ. ತಾತ ನಿವೃತ್ತರಾದಾಗ ಆ ಜಾಗ ಇವರಿಗೇ ಸಿಕ್ಕಿತು. ಪೊರಕೆ ಹಿಡಿದವಳಿಗೆ ಮೈಕ್ರೋಸ್ಕೋಪ್ ಕೊಡುವುದೇ ಎಂದು ಗೊಣಗಿದವರೂ ಇದ್ದರು. ಜೀವಕೋಶದ ಪಾಠ ಮಾಡುತ್ತಿದ್ದ ಮೇಡಂ, "ಪೊರಕೆ ಹಿಡಿದವರಿಗೆ ಧೂಳು ಕಾಣುತ್ತೆ. ನನಗೆ ಅಂಥವರೇ ಬೇಕು," ಎಂದು ಬಾಯಿ ಮುಚ್ಚಿಸಿದರಂತೆ.

ಕೆಲಸ ಕಾಯಂ ಆದ ವರ್ಷವೇ ಮಗಳು ಹುಟ್ಟಿದಳು. ಗುಂಡು ಮುಖ, ಮೇಲಕ್ಕೆ ಎಳೆದಂತಿದ್ದ ಪುಟ್ಟ ಕಣ್ಣು, ಎತ್ತಿಕೊಂಡರೆ ಹತ್ತಿಯ ಹಾಗೆ ಮೆತ್ತಗೆ ಜಾರುವ ಮೈ. ಗುಬ್ಬಿ ಎಂದು ಕರೆದರು. ಆರು ತಿಂಗಳಾದರೂ ಗುಬ್ಬಿ ಕತ್ತು ನಿಲ್ಲಿಸಲಿಲ್ಲ. ದೊಡ್ಡಾಸ್ಪತ್ರೆಯ ವೈದ್ಯರು ಮಗುವಿನ ರಕ್ತ ಪರೀಕ್ಷೆಗೆ ಕಳಿಸಿ, ಬಂದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು, ಇದಕ್ಕೆ ಡೌನ್ ಸಿಂಡ್ರೋಮ್ ಅನ್ನುತ್ತಾರೆ, ಜೀವಕೋಶದೊಳಗೆ ಒಂದು ವರ್ಣತಂತು ಹೆಚ್ಚಿಗೆ ಇದೆ, ಕಲಿಯುವುದು ನಿಧಾನ, ಆದರೆ ಕಲಿಯುತ್ತಾಳೆ ಎಂದರು. ಹೊರಗೆ ಉದ್ದದ ಸಾಲು ಇತ್ತು. ವೈದ್ಯರಿಗೆ ಇನ್ನಷ್ಟು ಬಿಡಿಸಿ ಹೇಳಲು ಪುರುಸೊತ್ತಿರಲಿಲ್ಲ, ಇವರಿಗೆ ಕೇಳಲು ಬಾಯಿ ಬರಲಿಲ್ಲ.

"ವರ್ಣತಂತು ಅನ್ನೋ ಮಾತು ನಂಗೆ ಹೊಸದಲ್ಲ. ದಿನಾ ಅದಕ್ಕೇ ಬಣ್ಣ ಹಾಕ್ತಿದ್ದೆ. ಆದ್ರೆ ಅದು ಈರುಳ್ಳಿದು. ನನ್ನ ಮಗಳ ಒಳಗೂ ಅದೇ ಇದೆ ಅಂತ ತಲೆಗೆ ಹೋಗ್ಲೇ ಇಲ್ಲ," ಎನ್ನುತ್ತಾರೆ ಸ್ಲೈಡಕ್ಕ, ಸೀಸೆಗೆ ಚೀಟಿ ಅಂಟಿಸುತ್ತ.

ಮನೆಯಲ್ಲಿ ಅತ್ತೆ ಇದ್ದರು. ಕೆಟ್ಟವರಲ್ಲ. ಬಾಣಂತಿಗೆ ನೀರು ಕಾಯಿಸಿ ಹಾಕಿದವರೇ, ರಾತ್ರಿ ಎದ್ದು ಮಗು ತೂಗಿದವರೇ. ಆದರೆ ಮಾತು ಮಾತ್ರ ಒಂದೇ: "ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ." ಬೈಗುಳವೂ ಅಲ್ಲ, ಜಗಳವೂ ಅಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ನೆಂಟರು ಬಂದಾಗ. ಬಸುರಿಯಾಗಿದ್ದಾಗ ಸೊಸೆ ಪ್ರಯೋಗಾಲಯದ ಔಷಧಿ ವಾಸನೆ ಕುಡಿದಳು, ಭಾರ ಎತ್ತಿದಳು, ಹೇಳಿದ ಮಾತು ಕೇಳಲಿಲ್ಲ ಎಂದು ದಿನಕ್ಕೊಂದು ಕಾರಣ ಹುಟ್ಟುತ್ತಿತ್ತು. ಗಂಡ ಮಾತಾಡುತ್ತಿರಲಿಲ್ಲ. ಅಮ್ಮನ ಎದುರೂ ಮಾತಾಡುತ್ತಿರಲಿಲ್ಲ, ಹೆಂಡತಿಯ ಎದುರೂ ಮಾತಾಡುತ್ತಿರಲಿಲ್ಲ, ಹೊಲಿಗೆ ಯಂತ್ರದ ಮುಂದೆ ತಲೆ ಬಗ್ಗಿಸಿದರೆ ಎತ್ತುತ್ತಿರಲಿಲ್ಲ. ಸ್ಲೈಡಕ್ಕನೂ ಒಳಗೊಳಗೇ ನಂಬಿಬಿಟ್ಟರು. ಎಲ್ಲೋ ಏನೋ ತಾನೇ ತಪ್ಪು ಮಾಡಿದ್ದೇನೆ. ಯಾವುದು ಎಂದು ಮಾತ್ರ ತಿಳಿಯದು.

ಹೀಗೆ ನಾಲ್ಕಾರು ವರ್ಷ ಕಳೆಯಿತು. ಗುಬ್ಬಿ ಕತ್ತು ನಿಲ್ಲಿಸಿದಳು, ಕೂತಳು, ತಡವಾಗಿ ನಡೆದಳು. ಒಂದು ದಿನ ಪ್ರಯೋಗಾಲಯದಲ್ಲಿ ಬೇರಿನ ಬದಲು ಹೂಮೊಗ್ಗಿನ ಪಾಠವಿತ್ತು. ಈರುಳ್ಳಿ ಗಿಡ ಉದ್ದನೆ ಕಡ್ಡಿಯ ತುದಿಯಲ್ಲಿ ಚೆಂಡಿನಂತೆ ಹೂ ಬಿಡುತ್ತದೆ. ಅರಳದ ಮೊಗ್ಗಿನೊಳಗೆ ಪರಾಗವಾಗಬೇಕಾದ ಕೋಶಗಳು ಒಡೆಯುತ್ತಿರುತ್ತವೆ. ಬೇರಿನಲ್ಲಿ ಒಡೆಯುವ ಬಗೆಗೂ ಇಲ್ಲಿ ಒಡೆಯುವ ಬಗೆಗೂ ವ್ಯತ್ಯಾಸವಿದೆ. ಅದನ್ನು ಸ್ಲೈಡಕ್ಕ ಈಗ ತಮ್ಮದೇ ಮಾತಿನಲ್ಲಿ ಹೇಳುತ್ತಾರೆ.

"ಬೇರಿಗೆ ಬೇಕಾಗಿರೋದು ತನ್ನಂಥದ್ದೇ ಇನ್ನೊಂದು. ಅದಕ್ಕೆ ಇರೋದನ್ನೆಲ್ಲ ನಕಲು ಮಾಡಿ ಸಮನಾಗಿ ಹಂಚುತ್ತೆ. ಹೂವಿನದು ಹಾಗಲ್ಲ. ಅದು ಇನ್ನೊಂದರ ಜೊತೆ ಸೇರಿ ಹೊಸ ಜೀವ ಮಾಡ್ಬೇಕು. ಇಬ್ಬರೂ ತುಂಬಿದ ಕೊಡ ತಂದ್ರೆ ಒಂದು ಕೊಡದಲ್ಲಿ ಹಿಡಿಸುತ್ತಾ? ಅದಕ್ಕೇ ಇಬ್ಬರೂ ಅರ್ಧರ್ಧ ಮಾಡ್ಕೊಂಡು ಬರ್ತಾರೆ. ಜೋಡಿ ಜೋಡಿಯಾಗಿ ನಿಂತಿರೋ ವರ್ಣತಂತು ಕೈ ಬಿಡಿಸ್ಕೊಂಡು ಒಂದು ಈ ಕಡೆ, ಒಂದು ಆ ಕಡೆ ಹೋಗ್ಬೇಕು. ಮನುಷ್ಯರಲ್ಲೂ ಅಷ್ಟೇ, ತಾಯಿಯ ಮೊಟ್ಟೆಕೋಶದಲ್ಲಿ ಅರ್ಧ, ತಂದೆಯದರಲ್ಲಿ ಅರ್ಧ."

ಅವತ್ತು ಮಕ್ಕಳು ಬರುವ ಮೊದಲು ಸ್ಲೈಡ್ ಸರಿಯಾಗಿದೆಯೇ ಎಂದು ನೋಡುತ್ತಿದ್ದಾಗ ಒಂದು ಕೋಶದಲ್ಲಿ ಕಣ್ಣು ನಿಂತಿತು. ಕೆಂಪು ದಾರದ ತುಂಡುಗಳಂಥ ವರ್ಣತಂತುಗಳೆಲ್ಲ ಎರಡು ಗುಂಪಾಗಿ ಎರಡು ಕಡೆ ಸರಿದಿವೆ. ನಡುವೆ ಒಂದು ಮಾತ್ರ ಹಿಂದುಳಿದಿದೆ, ಬಸ್ಸು ತಪ್ಪಿಸಿಕೊಂಡವರ ಹಾಗೆ. ಸ್ಲೈಡಕ್ಕ ಮೇಡಂ ಅವರನ್ನು ಕರೆದರು. ಮೇಡಂ ನೋಡಿ, "ಅಪರೂಪಕ್ಕೆ ಸಿಗುತ್ತೆ ಇದು, ಒಳ್ಳೇದನ್ನೇ ಹಿಡಿದಿದ್ದೀಯ," ಎಂದು ಖುಷಿಪಟ್ಟರು. ಇದು ಯಾವ ಕಡೆ ಹೋಗುತ್ತೆ ಎಂದು ಸ್ಲೈಡಕ್ಕ ಕೇಳಿದರು. ಹೇಳುವುದಕ್ಕಾಗುವುದಿಲ್ಲ, ಒಂದು ಪರಾಗಕ್ಕೆ ಹೆಚ್ಚಾಗಬಹುದು, ಇನ್ನೊಂದಕ್ಕೆ ಕಡಿಮೆ ಬೀಳಬಹುದು ಎಂದರು ಮೇಡಂ.

"ಹೆಚ್ಚಾದ್ರೆ?"

ಕೇಳಿದ್ದು ಅಷ್ಟೇ. ಮೇಡಂ ಮೈಕ್ರೋಸ್ಕೋಪಿನಿಂದ ತಲೆ ಎತ್ತಿದವರು ಇವರ ಮುಖ ನೋಡಿದರು. ಗುಬ್ಬಿಯನ್ನು ಅವರು ಕಂಡಿದ್ದರು. ಬಾಗಿಲು ಹಾಕಿಕೊಂಡು ಬಂದು, ಸ್ಟೂಲು ಎಳೆದುಕೊಂಡು ಎದುರು ಕೂತರು.

ಮೇಡಂ ಹೇಳಿದ್ದರಲ್ಲಿ ಎರಡು ಮಾತು ಸ್ಲೈಡಕ್ಕನಿಗೆ ಇಂದಿಗೂ ನೆನಪಿವೆ. ಒಂದು, ಈ ಈರುಳ್ಳಿಯಲ್ಲಿ ಆದದ್ದೂ ಗುಬ್ಬಿಗೆ ಆದದ್ದೂ ಒಂದೇ ಅಲ್ಲ, ಆದರೆ ಒಂದೇ ಜಾತಿಯದು. ಜೋಡಿಯೊಂದು ಹೊತ್ತಿಗೆ ಸರಿಯಾಗಿ ಬೇರೆಯಾಗದೆ ಒಂದೇ ಕಡೆಗೆ ಹೋಗಿಬಿಡುತ್ತದೆ. ತಾಯಿಗೆ ವಯಸ್ಸಾದಂತೆ ಹೀಗಾಗುವ ಸಂಭವ ಹೆಚ್ಚು ನಿಜ, ಆದರೆ ಇಪ್ಪತ್ತರ ಹುಡುಗಿಗೂ ಆಗುತ್ತದೆ, ಕೆಲವು ಸಲ ತಂದೆಯ ಕಡೆಯಿಂದಲೂ ಆಗುತ್ತದೆ. ಎತ್ತಿದ ಭಾರದಿಂದಲ್ಲ, ಕುಡಿದ ಗಾಳಿಯಿಂದಲ್ಲ. ಬಸುರಾಗುವ ಹೊತ್ತಿಗೇ ಅದು ಆಗಿಹೋಗಿರುತ್ತದೆ.

ಎರಡನೆಯದನ್ನು ಅವರು ಇನ್ನೊಮ್ಮೆ ಹೇಳಿಸಿಕೊಂಡು ಕೇಳಿದರು. ಹೆಣ್ಣಿನ ಮೊಟ್ಟೆಕೋಶಗಳು ಅವಳು ದೊಡ್ಡವಳಾದ ಮೇಲೆ ಹುಟ್ಟುವುದಲ್ಲ. ಅವಳು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವು ಆಗಿ, ಒಡೆಯಲು ಶುರುಮಾಡಿ, ಅರ್ಧಕ್ಕೇ ನಿಂತು ವರ್ಷಗಟ್ಟಲೆ ಕಾಯುತ್ತವೆ.

"ಅಂದ್ರೆ ನೋಡಿ, ನಾನೇ ಹುಟ್ಟಿರಲಿಲ್ಲ, ಆಗ್ಲೇ ಗುಬ್ಬಿಯ ಮೊಟ್ಟೆಕೋಶ ನನ್ನೊಳಗೆ ಕಾಯ್ತಾ ಕೂತಿತ್ತು. ನಮ್ಮಮ್ಮನ ಹೊಟ್ಟೆಯಲ್ಲಿ ನಾವಿಬ್ರೂ ಇದ್ವಿ. ಅದು ಅಷ್ಟು ವರ್ಷ ಕಾದಿದೆಯಲ್ಲ, ಒಂದು ಸಲ ಕೈ ಬಿಡಿಸ್ಕೊಳ್ಳೋಕೆ ಮರೆತ್ರೆ ಏನು ಬೈಯೋದು ಅದಕ್ಕೆ," ಎನ್ನುತ್ತಾರೆ ಸ್ಲೈಡಕ್ಕ. ಅಂದು ಅವರು ತೊಟ್ಟಿಯ ನಲ್ಲಿ ಬಿಟ್ಟು, ನೀರು ಬೀಳುವ ಸದ್ದಿನಲ್ಲಿ ಅತ್ತಿದ್ದರು. ಮೇಡಂ ಬೆನ್ನು ತಿರುಗಿಸಿ ನಿಂತು ಆ ಸ್ಲೈಡಿನ ಅಂಚಿಗೆ ಉಗುರುಬಣ್ಣ ಹಚ್ಚುತ್ತಿದ್ದರು, ಒಣಗಿಹೋಗದಿರಲಿ ಎಂದು.

ಮನೆಗೆ ಹೋಗಿ ಅತ್ತೆಗೆ ಹೇಳಿದರು. ಅತ್ತೆ ಕೇಳಿಸಿಕೊಂಡು, "ಓದಿದೋರು ಏನಾದ್ರೂ ಹೇಳ್ತಾರೆ," ಎಂದು ಎದ್ದು ಹೋದರು. ಹೇಳಿದರೆ ನಂಬುವವರಲ್ಲ, ಕಣ್ಣಲ್ಲಿ ಕಂಡರೆ ಬಿಡುವವರಲ್ಲ. ಸೊಸೆಗೆ ಅದು ಗೊತ್ತಿತ್ತು. ಮುಂದಿನ ರಜೆಯ ದಿನ ಬೆಳಿಗ್ಗೆ ಮೇಡಂ ಅವರ ಅನುಮತಿ ಪಡೆದು ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಕಾಲೇಜಿಗೆ ಬಂದರು. ಮುದುಕಿ ಸೀರೆ ಸೆರಗು ಬಿಗಿದುಕೊಂಡು, ಎಲ್ಲಿ ಏನು ಮುಟ್ಟಿದರೆ ಏನಾಗುವುದೋ ಎಂದು ಕೈ ಹಿಂದೆ ಕಟ್ಟಿಕೊಂಡು ಒಳಗೆ ಕಾಲಿಟ್ಟರು.

ಮೊದಲು ಸರಿಯಾಗಿ ಒಡೆದ ಕೋಶ ತೋರಿಸಿದರು. ಅತ್ತೆಗೆ ಏನೂ ಕಾಣಲಿಲ್ಲ. ಯಾವ ಕಣ್ಣು ಮುಚ್ಚಬೇಕು ಎಂಬುದೇ ದೊಡ್ಡ ಗೊಂದಲ. ಒಂದು ಮುಚ್ಚಿದರೆ ಎರಡೂ ಮುಚ್ಚಿಕೊಳ್ಳುತ್ತಿದ್ದವು. ಕೊನೆಗೆ ಸೊಸೆಯೇ ಹಿಂದೆ ನಿಂತು ಅತ್ತೆಯ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು. "ಕೆಂಪು ದಾರ," ಎಂದರು ಅತ್ತೆ. "ಎರಡು ಕಡೆ ಎಳೆದ ಹಾಗಿದೆ." ಆಮೇಲೆ ಉಗುರುಬಣ್ಣ ಹಚ್ಚಿದ ಸ್ಲೈಡ್ ಇಟ್ಟರು. ಅತ್ತೆ ಬಹಳ ಹೊತ್ತು ನೋಡಿದರು. ಸೊಸೆಯ ಕೈ ನೋಯತೊಡಗಿತು.

"ಒಂದು ನಡುವೆ ಉಳಿದುಬಿಟ್ಟಿದೆಯಲ್ಲೇ."

"ಹೂಂ ಅತ್ತೆ."

"ಇದು ಬರೀ ಹೂವು ತಾನೇ? ಯಾರೂ ಏನೂ ಮಾಡ್ಲಿಲ್ವಾ ಇದಕ್ಕೆ?"

"ಯಾರೂ ಏನೂ ಮಾಡ್ಲಿಲ್ಲ ಅತ್ತೆ."

"ಹಂಗಾದ್ರೆ ಇದು ಯಾವ ತಪ್ಪು ಮಾಡಿತ್ತು?"

"ಅದನ್ನೇ ಅತ್ತೆ, ನಾನೂ ಇಷ್ಟು ವರ್ಷದಿಂದ ಕೇಳ್ತಿರೋದು."

ಅತ್ತೆ ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ಆಟೋ ಹತ್ತಿದರು. ಆ ಸಂಜೆ ಗುಬ್ಬಿಯ ತಲೆ ಬಾಚುತ್ತ, ಪಕ್ಕದ ಮನೆಯವರು ಕೇಳುವ ಹಾಗೆ, "ನಮ್ಮ ವಂಶದಲ್ಲಿ ಇಷ್ಟು ಒಳ್ಳೇ ಕೂದಲು ಯಾರಿಗೂ ಇರಲಿಲ್ಲ," ಎಂದರಂತೆ. ಅಲ್ಲಿಂದಾಚೆ ಮೊಮ್ಮಗಳ ಜವಾಬ್ದಾರಿ ಅವರದೇ. ಗುಂಡಿ ಹಾಕಿಕೊಳ್ಳುವುದು, ಚಿಲ್ಲರೆ ಎಣಿಸುವುದು, ರಸ್ತೆ ದಾಟುವುದು, ಎಲ್ಲವನ್ನೂ ಕಲಿಸಿದರು. ಒಂದೊಂದಕ್ಕೂ ತಿಂಗಳುಗಳು ಹಿಡಿದವು. ಕಲಿಸುವವರಿಗೂ ಹಟ, ಕಲಿಯುವವರಿಗೂ ಹಟ. ಅತ್ತೆ ತೀರಿಕೊಂಡು ಈಗ ಕೆಲವು ವರ್ಷವಾಯಿತು. ರಸ್ತೆ ದಾಟುವಾಗ ಗುಬ್ಬಿ ಇಂದಿಗೂ ಅಜ್ಜಿಯ ದನಿಯಲ್ಲಿ ತನಗೆ ತಾನೇ ಗದರಿಸಿಕೊಳ್ಳುತ್ತಾಳೆ: "ಆ ಕಡೆ ನೋಡು, ಈ ಕಡೆ ನೋಡು, ಆಮೇಲೆ ಕಾಲಿಡು."

ಇವರು ಸ್ಲೈಡ್ ತೋರಿಸುವ ಸುದ್ದಿ ಹೇಗೆ ಹರಡಿತು ಎಂದು ಕೇಳಿದರೆ ಸ್ಲೈಡಕ್ಕ ಅತ್ತೆಯ ಕಡೆಗೇ ಬೊಟ್ಟು ಮಾಡುತ್ತಾರೆ. ಗುಬ್ಬಿಯನ್ನು ಆಸ್ಪತ್ರೆಯ ವ್ಯಾಯಾಮಕ್ಕೆ ಕರೆದೊಯ್ಯುತ್ತಿದ್ದ ಮುದುಕಿ, ಅಲ್ಲಿ ಗುಬ್ಬಿಯಂಥ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತ ಕೂತ ತಾಯಂದಿರಿಗೆಲ್ಲ, "ನನ್ನ ಸೊಸೆ ಹತ್ರ ಹೋಗಿ, ತೋರಿಸ್ತಾಳೆ," ಎಂದು ಹೇಳುತ್ತಿದ್ದರು. ವ್ಯಾಯಾಮ ಮಾಡಿಸುವ ನರ್ಸ್ ಮೊದಲು ನಕ್ಕರು, ಆಮೇಲೆ ತಾವೇ ಬಂದು ನೋಡಿದರು, ಆಮೇಲೆ ಕಳಿಸತೊಡಗಿದರು. ವಿಭಾಗದ ಮುಖ್ಯಸ್ಥರು ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಒಂದು ಮೇಜು ಬಿಟ್ಟುಕೊಟ್ಟಿದ್ದಾರೆ. ತಿಂಗಳಿಗೆ ಒಂದೆರಡು ಮನೆಯವರು ಬರುತ್ತಾರೆ, ಕೆಲವು ತಿಂಗಳು ಯಾರೂ ಬರುವುದಿಲ್ಲ. "ನಾನು ಡಾಕ್ಟರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಔಷಧಿ, ಪರೀಕ್ಷೆ, ಮಗುವಿನ ಹಾರ್ಟಿನ ತೊಂದರೆ, ಅದೆಲ್ಲ ಅವರ ಹತ್ರ. ನಾನು ಬರೀ ತೋರಿಸ್ತೀನಿ. ಬೈಸ್ಕೊಂಡು ಬಂದಿರ್ತಾರಲ್ಲ, ಅವರಿಗೆ."

ಕಳೆದ ಬೇಸಿಗೆಯಲ್ಲಿ ಬಂದವಳು ತೀರ ಚಿಕ್ಕ ಹುಡುಗಿ. ಮಡಿಲಲ್ಲಿ ನಾಲ್ಕು ತಿಂಗಳ ಗಂಡುಮಗು. ಗಂಡ ಜೊತೆಗೇ ಬಂದಿದ್ದ, ಆದರೆ ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಮೊಬೈಲು ನೋಡುತ್ತಿದ್ದ. ಮಗು ಹುಟ್ಟಿದಾಗಿನಿಂದ ಅವನು ಅಕ್ಕನ ಮನೆಯಲ್ಲಿದ್ದಾನೆ, ರಾತ್ರಿ ನಿದ್ದೆ ಬರುವುದಿಲ್ಲ ಎಂದು ನೆಪ, ಬಿಟ್ಟೇ ಹೋಗುತ್ತಾನೇನೋ ಎಂದು ಹುಡುಗಿ ಪಿಸುದನಿಯಲ್ಲಿ ಹೇಳಿದಳು. ನರ್ಸ್ ಒತ್ತಾಯಕ್ಕೆ ಇಲ್ಲಿವರೆಗೆ ಬಂದಿದ್ದ ಅಷ್ಟೇ.

ಸ್ಲೈಡಕ್ಕ ಹೋಗಿ ಕರೆಯಲಿಲ್ಲ. ಕರೆದರೆ ಬಾರದವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. ತಮ್ಮ ಪಾಡಿಗೆ ತಾವು ಮೊಗ್ಗು ಬಿಡಿಸಿ, ಬಣ್ಣ ಹಾಕಿ, ಒತ್ತಿ, ಮೈಕ್ರೋಸ್ಕೋಪಿಗೆ ಇಟ್ಟರು. ಬಾಗಿಲ ಬಳಿ ನಿಂತಿದ್ದ ಗುಬ್ಬಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವಳಿಗೀಗ ಇಪ್ಪತ್ತರ ಮೇಲಾಗಿದೆ. ಸಸಿ ಮಾರುವ ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವ, ಸಸಿ ನೆಡುವ ಕೆಲಸ. ಅಮ್ಮನ ಪ್ರಯೋಗಾಲಯಕ್ಕೆ ಬೇಕಾದ ಹೂ ಬಿಡುವ ಈರುಳ್ಳಿಯನ್ನೂ ಅಲ್ಲೇ ಒಂದು ಮಡಿಯಲ್ಲಿ ಬೆಳೆಸುತ್ತಾಳೆ. ಶನಿವಾರ ಮೊಗ್ಗು ತರುವುದು ಅವಳೇ. ಸೀದಾ ಮೆಟ್ಟಿಲ ಮೇಲಿದ್ದವನ ಎದುರು ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏಳಿ. ಸ್ಲೈಡ್ ಒಣಗ್ತದೆ."

ಅವನು ತಲೆ ಎತ್ತಿ ಅವಳ ಮುಖ ನೋಡಿದ. ತನ್ನ ಮಗನ ಕಣ್ಣು, ಅದೇ ಗುಂಡು ಮುಖ, ದೊಡ್ಡದಾಗಿ ಬೆಳೆದು ನಿಂತು ತನ್ನನ್ನೇ ಗದರಿಸುತ್ತಿದೆ.

"ನಾನು ಆಮೇಲೆ..."

"ಆಮೇಲೆ ಅಂದ್ರೆ ಒಣಗ್ತದೆ. ನಾನು ತಂದ ಹೂವು ಅದು. ಸುಮ್ಮನೆ ಅಲ್ಲ."

ಎದ್ದು ಬಂದ. ಮೊದಲ ಸ್ಲೈಡ್ ನೋಡಿದ, ಮೇಡಂ ಕಾಪಾಡಿಟ್ಟುಕೊಟ್ಟ ಹಳೆಯದನ್ನೂ ನೋಡಿದ. ಅದರ ಬಣ್ಣ ಈಗ ಮಾಸಿ ಗುಲಾಬಿಯಾಗಿದೆ, ನಡುವಿನ ಆ ಒಂದು ತುಂಡು ಮಾತ್ರ ಇನ್ನೂ ಕಾಣುತ್ತದೆ. ಸ್ಲೈಡಕ್ಕ ಜೋಡಿಗಳ ವಿಷಯ ಹೇಳಿದರು. ಅವನು ಕೇಳಿದ್ದು ಒಂದೇ ಪ್ರಶ್ನೆ. "ನನ್ನ ಕಡೆಯಿಂದಾನೋ, ಅವಳ ಕಡೆಯಿಂದಾನೋ?"

"ಗೊತ್ತಾದ್ರೆ ಏನ್ಮಾಡ್ತೀರಪ್ಪ?"

ಅವನು ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಸ್ಲೈಡಕ್ಕನೇ ಮುಂದುವರಿಸಿದರು. "ಅರ್ಧ ನಿಮ್ಮದು, ಅರ್ಧ ಅವಳದು, ಒಂದು ಚೂರು ಹೆಚ್ಚಿಗೆ ಬಂದಿದೆ. ಆ ಚೂರು ಯಾರದು ಅಂತ ಜಗಳ ಆಡ್ತಾ ಕೂತ್ರೆ ಉಳಿದಿದ್ದೆಲ್ಲ ನಿಮ್ಮಿಬ್ಬರದೇ ಅನ್ನೋದು ಮರೆತುಹೋಗುತ್ತೆ."

ಹೆಂಡತಿಗೆ ನೋಡಬೇಕಿತ್ತು, ಕೈಯಲ್ಲಿ ಮಗುವಿತ್ತು. ಅವನು ಕೈ ಚಾಚಿದ. ಮಗುವನ್ನು ಎತ್ತಿಕೊಳ್ಳುವುದು ರೂಢಿಯಿರಲಿಲ್ಲ, ಕತ್ತು ವಾಲಿತು. "ಕತ್ತು ಹಿಡೀರಿ, ಕತ್ತು," ಎಂದಳು ಗುಬ್ಬಿ, ಹಳೇ ಆಯಾಳಂತೆ. ಅವನು ಹಿಡಿದ. ಹುಡುಗಿ ನೋಡಿ ಮುಗಿಸಿದ ಮೇಲೂ ಮಗುವನ್ನು ಹಿಂದಕ್ಕೆ ಕೊಡಲಿಲ್ಲ, ಮೆಟ್ಟಿಲಿಳಿಯುವಾಗಲೂ ಕೊಡಲಿಲ್ಲ.

ಅಂದೇ ಎಲ್ಲ ಸರಿಹೋಯಿತು ಎಂದು ಸ್ಲೈಡಕ್ಕ ಹೇಳುವುದಿಲ್ಲ. ಅವನು ಮನೆಗೆ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು ಎಂದು ನರ್ಸ್ ತಿಳಿಸಿದರಂತೆ. ಈಗ ಮಗುವನ್ನು ವ್ಯಾಯಾಮಕ್ಕೆ ಕರೆತರುವುದು ಅವನೇ, ಕೆಲಸಕ್ಕೆ ಹೋಗುವ ದಾರಿಯಲ್ಲಿ. ಮಗು ಕೂರತೊಡಗಿದೆ.

ಮುಂದಿನ ವರ್ಷ ಸ್ಲೈಡಕ್ಕ ನಿವೃತ್ತರಾಗುತ್ತಾರೆ. ಹೊಸದಾಗಿ ಬಂದಿರುವ ಸಹಾಯಕಿಗೆ ಒತ್ತುವುದನ್ನು ಕಲಿಸುತ್ತಿದ್ದಾರೆ. ವಾರಕ್ಕೆ ಒಂದು ಪೆಟ್ಟಿಗೆ ಗಾಜು ಚೂರಾಗುತ್ತಿದೆ, ಬೈಯುತ್ತಿಲ್ಲ. ಗಂಡ ಈಚೆಗೆ ಮಾತು ಕಲಿತಿದ್ದಾರೆ. "ಮನೇಲಿ ಈರುಳ್ಳಿ ಹೆಚ್ಚು ಅಂದ್ರೆ ಮೊದಲು ಬೇರು ನೋಡ್ತಾಳೆ, ಊಟ ಆಗೋದು ಆಮೇಲೆ," ಎಂದು ದೂರುವಷ್ಟು.

ಆಸೆ ಏನಾದರೂ ಉಳಿದಿದೆಯೇ ಎಂದು ಕೇಳಿದರೆ ಸ್ಲೈಡಕ್ಕ ಕೆಂಪು ಹೆಬ್ಬೆರಳನ್ನು ಒರೆಸಿಕೊಳ್ಳುತ್ತಾರೆ.

"ಇಷ್ಟು ವರ್ಷ ಈರುಳ್ಳಿ ವರ್ಣತಂತು ನೋಡಿದ್ದಾಯ್ತು. ಗುಬ್ಬಿದು ನೋಡಿಲ್ಲ. ದೊಡ್ಡ ಊರಲ್ಲಿ ರಕ್ತ ತೆಗೆದು ಸ್ಲೈಡ್ ಮಾಡ್ತಾರಂತೆ, ಮೇಡಂ ಕೇಳಿ ನೋಡ್ತೀನಿ ಅಂದಿದ್ದಾರೆ. ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮೈಕ್ರೋಸ್ಕೋಪಲ್ಲಿ ಒಂದು ಸಲ ನೋಡ್ಬೇಕು. ಆ ಹೆಚ್ಚಿಂದು ಯಾವುದು ಅಂತ ತೋರಿಸಿದ್ರೆ, ನೀನೇನಪ್ಪಾ ಅದು, ಅಂತ ಮಾತಾಡಿಸ್ಬೇಕು."

ತೊಟ್ಟಿಯ ಬಳಿ ಸ್ಲೈಡ್ ತೊಳೆಯುತ್ತಿದ್ದ ಗುಬ್ಬಿ ನಲ್ಲಿ ನಿಲ್ಲಿಸಿ ತಿರುಗುತ್ತಾಳೆ.

"ಅದು ಹೆಚ್ಚಿಂದಲ್ಲಮ್ಮ. ಅದು ನಂದು."